ಬಾನಿ ಮೇಲೆ ಬರುವಷ್ಟು ಹಾಡು

"ಮೇಷ್ಟ್ರೇ, ನೀವು ನಾಲ್ಕು ಸ್ವರ ನುಡಿಸಿದರೆ ಅದು ಹಾಡಾಗುತ್ತೆ. ನಾನು ನಾನೂರು ನುಡಿಸಿದರೂ ಆಗಲ್ಲ. ಯಾಕೆ?"

ಯತಿರಾಜ ಇದನ್ನು ಕೇಳಿದ್ದು ಒಂದು ಗುರುವಾರ ಬೆಳಿಗ್ಗೆ, ಇನ್ನಾಸಪ್ಪ ಮೇಷ್ಟ್ರ ಮನೆಯ ಜಗಲಿಯಲ್ಲಿ, ಸ್ಯಾಕ್ಸೋಫೋನನ್ನು ತೊಡೆಯ ಮೇಲೆ ಮಲಗಿಸಿಕೊಂಡು. ಎಷ್ಟೋ ದಿನದಿಂದ ಒಳಗೇ ನುಂಗಿಕೊಂಡಿದ್ದ ಪ್ರಶ್ನೆ ಅದು. ಮೇಷ್ಟ್ರು ಬೆಂಗಳೂರಿನ ದಂಡು ಪ್ರದೇಶದ ಒಂದು ಜಾಝ್ ಮೇಳದಲ್ಲಿ ಮೂವತ್ತು ವರ್ಷ ಸ್ಯಾಕ್ಸೋಫೋನ್ ನುಡಿಸಿದವರು. ಈಗ ಉಬ್ಬಸ ಹೆಚ್ಚಾಗಿ, ಇನ್ನು ಊದಕೂಡದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಶನಿವಾರದ ಕಛೇರಿಗೆ ಅವರ ಜಾಗದಲ್ಲಿ ಇನ್ನೊಬ್ಬರು ನಿಲ್ಲಬೇಕು. ಎಂಟು ವರ್ಷ ಅವರ ಹತ್ತಿರ ಕಲಿತ ಯತಿರಾಜನೇ ನಿಲ್ಲುತ್ತಾನೆ ಎಂದು ಮೇಳದವರೆಲ್ಲ ತಿಳಿದಿದ್ದರು. ಮೇಷ್ಟ್ರು ಮಾತ್ರ ಇನ್ನೂ ಹೂಂ ಅಂದಿರಲಿಲ್ಲ. ಯತಿರಾಜನಿಗೆ ಆ ಜಾಗ ಬೇಕೇ ಬೇಕಿತ್ತು.

ಜಾಝ್‌ನಲ್ಲಿ ಮೊದಲು ಎಲ್ಲರೂ ಸೇರಿ ಹಾಡಿನ ಧಾಟಿಯನ್ನು ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರಿಗೂ ಸರದಿ ಬರುತ್ತದೆ. ಸರದಿ ಬಂದವನು ಆ ಧಾಟಿಯ ಬೆನ್ನು ಹಿಡಿದು, ಅಲ್ಲೇ, ಆ ಗಳಿಗೆಗೆ, ಹೊಸದೊಂದನ್ನು ಹುಟ್ಟಿಸಬೇಕು. ಉಳಿದವರು ಅವನ ಹಿಂದೆ ನುಡಿಸುತ್ತಾ ಜೊತೆ ಕೊಡುತ್ತಾರೆ. ನಿನ್ನೆಯ ತಾಲೀಮಿನಲ್ಲಿ ಯತಿರಾಜನ ಸರದಿ ಬಂದಾಗ ಬೆರಳು ಎಲ್ಲೂ ತಡವರಿಸಲಿಲ್ಲ, ಒಂದು ಸ್ವರವೂ ತಪ್ಪಲಿಲ್ಲ. ಮುಗಿದ ಮೇಲೆ ಪಿಯಾನೋ ನುಡಿಸುವ ಹಿಲ್ಡಾ ಟೀಚರ್ "ತುಂಬಾ ಚೆನ್ನಾಗಿತ್ತು ಕಣಪ್ಪ" ಎಂದು ಹೇಳಿ ಕನ್ನಡಕ ಒರೆಸಿಕೊಂಡರು. ಆ ಹೊಗಳಿಕೆಯೇ ಅವನ ನಿದ್ದೆ ಕೆಡಿಸಿತ್ತು. ಮೇಷ್ಟ್ರು ನುಡಿಸಿದ ದಿನ ಆಕೆ ಏನನ್ನೂ ಹೇಳುತ್ತಿರಲಿಲ್ಲ. ಮೆಟ್ಟಿಲಿಳಿದು ಮನೆಗೆ ಹೋಗುವಾಗ ಅದನ್ನೇ ಗುನುಗುತ್ತಾ ಹೋಗುತ್ತಿದ್ದರು.

"ನಿನ್ನೆ ನುಡಿಸಿದ್ದು ಪೂರ್ತಿ ನೆನಪಿದೆ ಮೇಷ್ಟ್ರೇ. ಬೇಕಾದರೆ ಒಂದೊಂದು ಸ್ವರವನ್ನೂ ಬರೆದು ತೋರಿಸ್ತೀನಿ. ಎಲ್ಲಿ ತಪ್ಪಿದೆ ಅಂತ ಹೇಳಿ, ತಿದ್ದಿಕೊಳ್ತೀನಿ."

"ಬರೆಯೋದೆಲ್ಲ ಬೇಡ," ಎಂದರು ಮೇಷ್ಟ್ರು. "ಅದನ್ನ ಕೆಳಗಿಟ್ಟು ಒಂದು ಕತೆ ಕೇಳು."

ಯತಿರಾಜ ಸ್ಯಾಕ್ಸೋಫೋನನ್ನು ಕೆಳಗಿಟ್ಟ. ಮೇಷ್ಟ್ರು ಉಸಿರು ಹಿಡಿದ ಕಡೆ ನಿಲ್ಲಿಸಿಕೊಂಡು, ನಿಧಾನವಾಗಿ ಹೇಳಿದರು.

ಒಬ್ಬ ರೈತನಿದ್ದ. ಅವನಿಗೆ ಒಂದು ಬಾವಿ, ಒಂದು ಜೊತೆ ಎತ್ತು, ಆಗಷ್ಟೇ ಬಳ್ಳಿ ನೆಟ್ಟಿದ್ದ ಒಂದು ವೀಳ್ಯದೆಲೆ ತೋಟ. ಪಂಪು ಬರುವುದಕ್ಕೆ ಮುಂಚಿನ ಕಾಲ ಅದು, ನೀರು ಬೇಕಾದರೆ ಕಪಿಲೆ ಹೊಡೆಯಬೇಕು. ಕಪಿಲೆ ಎಂದರೆ ದೊಡ್ಡ ವಿದ್ಯೆಯೇನಲ್ಲ. ಬಾವಿಯ ಬಾಯಿಗೆ ಒಂದು ರಾಟೆ, ರಾಟೆಯ ಮೇಲೆ ಹಗ್ಗ, ಹಗ್ಗದ ಒಂದು ತುದಿಗೆ ಚರ್ಮದ ಬಾನಿ, ಇನ್ನೊಂದು ತುದಿಗೆ ಎತ್ತುಗಳು. ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ಬಾನಿ ತುಂಬಿಕೊಂಡು ಮೇಲೆ ಬಂದು ತೊಟ್ಟಿಗೆ ನೀರು ಸುರಿಯುತ್ತದೆ. ಅವು ಹಿಂದಕ್ಕೆ ಹೆಜ್ಜೆ ಇಟ್ಟು ಏರು ಹತ್ತಿದರೆ ಬಾನಿ ಮತ್ತೆ ಬಾವಿಗೆ ಇಳಿಯುತ್ತದೆ. ಬೆಳಗಿನಿಂದ ಮಧ್ಯಾಹ್ನದವರೆಗೂ ಇದೇ ಕೆಲಸ. ಮನುಷ್ಯನಿಗೂ ಬೇಸರ, ಎತ್ತಿಗೂ ಬೇಸರ. ಅದಕ್ಕೇ ಕಪಿಲೆ ಹೊಡೆಯುವವರು ಹಾಡುತ್ತಿದ್ದರು.

ಈ ರೈತನ ಗಂಟಲು ಅಷ್ಟಕ್ಕಷ್ಟೇ. ಮೂರೋ ನಾಲ್ಕೋ ಸ್ವರ ಹೊರಡುತ್ತಿತ್ತು. ಆದರೆ ಒಮ್ಮೆ ಹಾಡಿದ ಸಾಲನ್ನು ಇನ್ನೊಮ್ಮೆ ಹಾಡಿದವನಲ್ಲ. ಬಾವಿಕಟ್ಟೆಗೆ ಗೊರವಂಕ ಹಕ್ಕಿ ಬಂದರೆ ಗೊರವಂಕದ ಮೇಲೆ ಹಾಡು. ಹೆಂಡತಿ ಸಾರಿಗೆ ಉಪ್ಪು ಜಾಸ್ತಿ ಹಾಕಿದ್ದರೆ ಉಪ್ಪಿನ ಮೇಲೆ ಹಾಡು. ಹೆಂಡತಿ ಹತ್ತಿರದಲ್ಲೇ ಇದ್ದರೆ ಮತ್ತೆ ಗೊರವಂಕವೇ. ಎತ್ತು ಇಳಿಯಲು ಹೊರಟಾಗ ಸಾಲು ಎತ್ತಿಕೊಳ್ಳುತ್ತಿದ್ದ, ಬಾನಿ ಮೇಲೆ ಬಂದಾಗ ದನಿ ಇಳಿಸಿ ಮುಗಿಸುತ್ತಿದ್ದ. ದಾರಿಯಲ್ಲಿ ಹೋಗುವವರಿಗೆ ಅದು ಹಾಡು ಅನ್ನಿಸುತ್ತಲೇ ಇರಲಿಲ್ಲ.

ಒಂದು ದಿನ ತೊಟ್ಟಿಯ ಕಲ್ಲು ಉರುಳಿ ರೈತನ ಪಾದ ಜಜ್ಜಿಹೋಯಿತು. ಎಳೆ ಬಳ್ಳಿಗೆ ನಾಲ್ಕಾರು ದಿನ ನೀರು ತಪ್ಪಿದರೆ ತೋಟದ ಆಸೆ ಬಿಡಬೇಕು. ಅದೇ ಊರಿನಲ್ಲಿ ಒಬ್ಬ ಗಾಯಕನಿದ್ದ. ನಾಟಕದ ಕಂಪನಿಯಲ್ಲಿ ಹಾಡುತ್ತಿದ್ದವನು, ಕಂಪನಿ ಮುಚ್ಚಿದ ಮೇಲೆ ಊರಿಗೆ ಬಂದು ಸಿಕ್ಕಿದ ಕೆಲಸ ಮಾಡಿಕೊಂಡಿದ್ದ. ಎತ್ತು ಹೊಡೆಯುವುದು ಅವನಿಗೆ ಹೊಸದಲ್ಲ. ರೈತನ ಹಾಡನ್ನು ದಾರಿಯಲ್ಲಿ ಕೇಳಿ ಎಷ್ಟೋ ಸಲ ನಕ್ಕಿದ್ದ. ರೈತ ಅವನನ್ನೇ ಕರೆಸಿ ಕಪಿಲೆಯನ್ನು ಒಪ್ಪಿಸಿ, ತೋಟದ ಗುಡಿಸಲಿನಲ್ಲಿ ಕಾಲು ಚಾಚಿ ಮಲಗಿದ.

ಗಾಯಕ ಹಾಡಿದ. ಸುಮ್ಮನೆ ಹೊಗಳುತ್ತಿಲ್ಲ, ನಿಜವಾಗಿಯೂ ಹಾಡಿದ. ದನಿ ಮೇಲೆ ಹೋದರೆ ಕೆಳಗೆ ಬರುವ ಮಾತೇ ಇಲ್ಲ. ಒಂದು ಅಕ್ಷರಕ್ಕೆ ಹತ್ತು ಬಳುಕು. ಪಕ್ಕದ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಬೇಲಿಯ ಹತ್ತಿರ ಬಂದು, ಕಣ್ಣುಬಾಯಿ ಬಿಟ್ಟುಕೊಂಡು ಕೇಳಿದರು. ಎಂಥಾ ಗಂಟಲು ಎಂದರು. ಅದು ಅವನ ತಲೆಗೆ ಏರಿತು. ಮಾರನೆಯ ದಿನ ಇನ್ನೂ ಜೋರಾಗಿ ಹಾಡಿದ.

ಪಾಪ, ಎತ್ತುಗಳಿಗೆ ಮಾತ್ರ ದಿಕ್ಕು ತಪ್ಪಿತು. ದನಿ ಇಳಿದ ಕಡೆ ನಿಲ್ಲುವುದು ಅವಕ್ಕೆ ರೂಢಿ. ಗಾಯಕ ಉಸಿರಿಗೆಂದು ನಡುದಾರಿಯಲ್ಲಿ ದನಿ ಇಳಿಸಿದರೆ ಅವು ಅಲ್ಲೇ ನಿಂತವು, ಬಾನಿ ಬಾವಿಯ ನಡುವೆ ನೇತಾಡಿತು. ಬಾನಿ ಮೇಲೆ ಬಂದ ಹೊತ್ತಿಗೆ ಅವನು ತಾರಕದಲ್ಲಿದ್ದರೆ ಅವು ಇನ್ನೂ ಎಳೆದವು, ಬಾನಿ ರಾಟೆಗೆ ಬಡಿದು ನೀರೆಲ್ಲ ಬಾವಿಗೇ ಚೆಲ್ಲಿತು. ಗಾಯಕ ಎತ್ತುಗಳನ್ನು ಬೈದ, ಬಾರುಕೋಲು ಬೀಸಿದ. ಮೂರನೆಯ ದಿನ ಮಧ್ಯಾಹ್ನ ನೋಡಿದರೆ ತೋಟದ ಕೊನೆಯ ಸಾಲಿಗೆ ನೀರು ಮುಟ್ಟಿಯೇ ಇರಲಿಲ್ಲ. ಬಳ್ಳಿಗಳು ತಲೆ ಬಗ್ಗಿಸಿದ್ದವು. ಒಬ್ಬನ ತೋಟ ತನ್ನ ಕೈಯಲ್ಲಿ ಒಣಗುತ್ತಿದೆ ಎಂದು ಅವನಿಗೆ ನಾಚಿಕೆಯಾಯಿತು. ಗುಡಿಸಲಿಗೆ ಹೋಗಿ, ನಡೆದದ್ದನ್ನು ಮುಚ್ಚಿಡದೆ ಹೇಳಿದ.

ರೈತ ಮೂರು ದಿನದಿಂದ ಎಲ್ಲವನ್ನೂ ಕೇಳಿಸಿಕೊಂಡೇ ಮಲಗಿದ್ದ. ಅವನು ರೇಗಲಿಲ್ಲ.

"ನಾಳೀಕೆ ಹಾಡ್ಬ್ಯಾಡ ಕಣಪ್ಪ," ಎಂದ. "ಸುಮ್ಕೆ ಎತ್ತಿನ ಜೊತೇಲಿ ನಡಿ."

"ಹಾಡ್ಬ್ಯಾಡ ಅಂದ್ರೆ ನಂಗೆ ಇಲ್ಲೇನು ಕೆಲ್ಸ?"

"ನೀರು ಹಾಯ್ಸೋದು."

ಗಾಯಕ ಮುಖ ಊದಿಸಿಕೊಂಡೇ ಮಾರನೆಯ ದಿನ ಬಂದ. ಬಾಯಿ ಬಿಗಿದುಕೊಂಡು ಎತ್ತಿನ ಜೊತೆ ಇಳಿದ, ಎತ್ತಿನ ಜೊತೆ ಹತ್ತಿದ. ಬಿಸಿಲೇರುವ ತನಕ ಅವನಿಗೆ ತನ್ನ ಸಿಟ್ಟು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಆಮೇಲೆ ಒಂದೊಂದಾಗಿ ಕೇಳಿಸತೊಡಗಿತು. ತುಂಬಿದ ಬಾನಿ ನೀರು ಬಿಟ್ಟು ಮೇಲೇಳುವಾಗ ರಾಟೆ ಒಮ್ಮೆ ನರಳುತ್ತದೆ. ನಡುದಾರಿಗೆ ಬಂದಾಗ ಎತ್ತುಗಳ ಉಸಿರು ಬಿಗಿಯಾಗುತ್ತದೆ. ಕೊನೆಗೆ ನೀರು ತೊಟ್ಟಿಗೆ ಬೀಳುತ್ತದೆ. ಅದು ಬಿದ್ದು ಮುಗಿಯುವ ತನಕ ಎತ್ತುಗಳು ಕಿವಿ ಹಿಂದಕ್ಕೆ ತಿರುಗಿಸಿ ನಿಂತಿರುತ್ತವೆ. ಈ ಕಪಿಲೆಯಲ್ಲಿ ಇಷ್ಟು ದಿನ ಕೇಳದೆ ಹೋದವನು ತಾನೊಬ್ಬನೇ ಎಂದು ಅವನಿಗೆ ಅನ್ನಿಸಿತು. ರೈತನ ಹಾಡು ನೆನಪಾಯಿತು. ಸಾಲು ಮುಗಿದ ಮೇಲೆ ರೈತ ಯಾಕೆ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದ ಎಂದು ಈಗ ತಿಳಿಯಿತು. ಅದು ನೀರಿನ ಸರದಿ.

ಐದನೆಯ ದಿನ ಅವನು ಮತ್ತೆ ಹಾಡಿದ. ಏನು ಹಾಡಬೇಕೆಂದು ಯೋಚಿಸಿ ಬಂದಿರಲಿಲ್ಲ. ರಾಟೆ ನರಳಿದಾಗ ಅದರ ದನಿಯಿಂದಲೇ ಸಾಲು ಎತ್ತಿಕೊಂಡ, ಎತ್ತಿನ ಉಸಿರು ಬಿಗಿಯಾದ ಕಡೆ ಸ್ವಲ್ಪ ಮೇಲೆ ಹೋದ, ಬಾನಿ ಬಂದಾಗ ಇಳಿಸಿದ. ಆಮೇಲೆ ನಿಂತು ನೀರು ಬೀಳುವುದನ್ನು ಕೇಳಿದ. ಅದು ಬಿದ್ದ ರೀತಿ ನೋಡಿಕೊಂಡು ಮುಂದಿನ ಸಾಲು ಹಾಡಿದ. ನಾಟಕದ ಬಳುಕುಗಳು ಎಲ್ಲಿಗೂ ಓಡಿಹೋಗಿರಲಿಲ್ಲ, ಬೇಕಾದ ಕಡೆ ಒಂದೊಂದು ತಾನಾಗಿ ಬಂತು. ಎತ್ತುಗಳಿಗೆ ಬಾರುಕೋಲು ತೋರಿಸುವ ಕೆಲಸವೇ ಬೀಳಲಿಲ್ಲ. ಮಧ್ಯಾಹ್ನಕ್ಕೆ ಕೊನೆಯ ಸಾಲಿನ ಬುಡದಲ್ಲಿ ನೀರು ನಿಂತಿತ್ತು.

ಅವತ್ತು ಕಳೆ ಕೀಳುವ ಹೆಂಗಸರು ಬೇಲಿಯ ಹತ್ತಿರ ಬರಲಿಲ್ಲ. ಎಂಥಾ ಗಂಟಲು ಎಂದು ಯಾರೂ ಹೇಳಲಿಲ್ಲ. ಸಂಜೆ ಮನೆಗೆ ಹೊರಟಾಗ ಅವರಲ್ಲೊಬ್ಬಳು ಅವನ ಸಾಲನ್ನೇ ಗುನುಗುತ್ತಾ ಹೋದಳು. ಗುನುಗುತ್ತಿದ್ದೇನೆ ಎಂಬುದು ಅವಳಿಗೂ ತಿಳಿದಿರಲಿಲ್ಲ. ಗುಡಿಸಲಿನಲ್ಲಿ ಮಲಗಿದ್ದ ರೈತ ಮಾತ್ರ ಅದನ್ನು ಕೇಳಿ, ಮಗ್ಗುಲು ಬದಲಿಸಿ ನೆಮ್ಮದಿಯಾಗಿ ಕಣ್ಣು ಮುಚ್ಚಿದ.

ಮೇಷ್ಟ್ರು ಕತೆ ನಿಲ್ಲಿಸಿ, ಪಕ್ಕದಲ್ಲಿದ್ದ ಚೊಂಬಿನಿಂದ ಎರಡು ಗುಟುಕು ಬಿಸಿನೀರು ಕುಡಿದರು. ಉತ್ತರ ಕೈಗೆ ಸಿಕ್ಕಿತು ಎಂದು ಯತಿರಾಜನಿಗೆ ತೋರಿತು. ಶನಿವಾರದ ಜಾಗವೂ ಇನ್ನೇನು ಸಿಕ್ಕೇಬಿಟ್ಟಿತು ಎಂದು ಮನಸ್ಸು ಹಗುರವಾಯಿತು.

"ಗೊತ್ತಾಯ್ತು ಮೇಷ್ಟ್ರೇ," ಎಂದ. "ಸ್ವರ ಕಮ್ಮಿ ಮಾಡಬೇಕು, ಅಲ್ವಾ? ನಿನ್ನೆ ನುಡಿಸಿದ್ದರಲ್ಲಿ ಯಾವ್ಯಾವುದನ್ನ ತೆಗೀಬೇಕು ಅಂತ ಈಗಲೇ ಗುರುತು ಹಾಕಿಬಿಡ್ತೀನಿ."

ಅವನು ಕಾಗದಕ್ಕೆಂದು ಚೀಲಕ್ಕೆ ಕೈ ಹಾಕಿದ. ಮೇಷ್ಟ್ರು ಅವನ ಕೈ ಹಿಡಿದುಕೊಂಡರು.

"ನಿಂದು ಇರಲಿ. ನಿನ್ನೆ ನಿನ್ನ ಸರದೀಲಿ ಹಿಲ್ಡಾ ಟೀಚರ್ ಏನು ನುಡಿಸಿದ್ರು, ಅದನ್ನ ಒಂಚೂರು ಗುನುಗು ನೋಡೋಣ."

ಯತಿರಾಜ ಬಾಯಿ ತೆರೆದ. ತಾನು ನುಡಿಸಿದ ಸ್ವರಗಳು ಮೊದಲಿನಿಂದ ಕೊನೆಯವರೆಗೆ ಒಂದೂ ಬಿಡದೆ ನೆನಪಿಗೆ ಬಂದವು. ಹಿಲ್ಡಾ ಟೀಚರ್ ನುಡಿಸಿದ್ದು ಮಾತ್ರ ಒಂದೂ ಬರಲಿಲ್ಲ.