ಮಸುಕು ಮುಚ್ಚಿಟ್ಟ ಮಾನಿಟರ್

ಆಸ್ಪತ್ರೆಯೊಂದರ ಎಕ್ಸ್‌ರೇ ಕೋಣೆಯಲ್ಲಿ ಒಂದು ಮಾನಿಟರ್ ಇತ್ತು. ಅದಕ್ಕೆ ಚಿತ್ರ ತಂದುಕೊಡುತ್ತಿದ್ದ ಕೇಬಲ್ ಸಡಿಲಗೊಂಡು, ಚಿತ್ರ ಮಸುಕಾಗತೊಡಗಿತು.

"ಅಣ್ಣಾ, ನಾನು ತರುವುದರಲ್ಲಿ ಅರ್ಧ ನಿನ್ನನ್ನು ಮುಟ್ಟುತ್ತಲೇ ಇಲ್ಲ. ತೋರಿಸಲಾರೆ ಎಂದು ಕಪ್ಪಾಗಿಬಿಡು," ಎಂದಿತು ಕೇಬಲ್.

"ಕಪ್ಪಾದರೆ ನನ್ನನ್ನು ಗುಜರಿಗೆ ಹಾಕುತ್ತಾರೆ. ಬೆಳಕು ಹೆಚ್ಚಿಸಿದ್ದೇನೆ, ಯಾರಿಗೂ ಗೊತ್ತಾಗುವುದಿಲ್ಲ," ಎಂದಿತು ಮಾನಿಟರ್.

ಅಷ್ಟರಲ್ಲಿ ಡಾಕ್ಟರ್ ಮೃಣಾಲಿನಿ ಬಂದು, ಬಹಳ ದಿನದಿಂದ ಕೆಮ್ಮುತ್ತಿದ್ದ ಹುಸೇನಬಿಯ ಎಕ್ಸ್‌ರೇ ನೋಡಿದರು. ತೆರೆ ಹೊಳೆಯುತ್ತಿತ್ತು, ಕಲೆಯೊಂದೂ ಕಾಣಲಿಲ್ಲ.

"ಏನೂ ತೊಂದರೆಯಿಲ್ಲ ಅಮ್ಮ, ನೀವಿನ್ನು ಊರಿಗೆ ಹೋಗಬಹುದು," ಎಂದರು.

ಹುಸೇನಬಿ ಕೈಮುಗಿದು ಬಾಗಿಲತ್ತ ನಡೆದಳು. ಕೇಬಲ್ ತಡೆಯಲಾರದೆ, ಇದ್ದಷ್ಟು ಹಿಡಿತವನ್ನೂ ಬಿಟ್ಟು ಕೆಳಗೆ ಬಿದ್ದಿತು. ತೆರೆ ಕಪ್ಪಾಯಿತು.

"ಇದೇನಾಯಿತು?" ಎನ್ನುತ್ತ ಡಾಕ್ಟರ್ ಬಗ್ಗಿ, ಕೇಬಲನ್ನು ಎತ್ತಿ ಬಿಗಿಯಾಗಿ ಸಿಕ್ಕಿಸಿದರು. ಚಿತ್ರ ತಿಳಿಯಾಗಿ ಮೂಡಿತು. ಎಡ ಶ್ವಾಸಕೋಶದಲ್ಲಿ ಅವರೆಕಾಳಿನಷ್ಟು ಕಲೆಯಿತ್ತು. ಡಾಕ್ಟರ್ ಬಾಗಿಲತ್ತ ತಿರುಗಿ ಕೂಗಿದರು.

"ಹೋಗಬೇಡಿ ಅಮ್ಮ, ಬಂದು ಕೂತುಕೊಳ್ಳಿ. ನಾನು ಸರಿಯಾಗಿ ನೋಡಿರಲಿಲ್ಲ. ಈಗಲೇ ಚಿಕಿತ್ಸೆ ಶುರು ಮಾಡಿದರೆ ವಾಸಿಯಾಗುತ್ತದೆ."

ಹುಸೇನಬಿ ಕೆಮ್ಮುತ್ತಲೇ ಬಂದು ಕುಳಿತಳು. ಮಾನಿಟರ್ ಕೇಬಲಿಗೆ, "ತಮ್ಮಾ, ನನ್ನ ಜಾಗ ಉಳಿಸಿಕೊಳ್ಳಲು ಹೋಗಿ ಆಕೆಯ ಜೀವ ಕಳೆಯುತ್ತಿದ್ದೆ," ಎಂದಿತು.