ಮೂರನೆಯ ಹಂತದ ಸಹಿ

ಆ ಕಚೇರಿಯಲ್ಲಿ ದಿನಾ ಹನ್ನೊಂದಕ್ಕೆ ಸರಿಯಾಗಿ ನೆಟ್ ಹೋಗುತ್ತಿತ್ತು. ಮ್ಯಾನೇಜರ್ ಚೆನ್ನವೀರಪ್ಪನವರು ಆ ಹೊತ್ತಿಗೆ ತಮ್ಮ ಕೋಣೆಯ ರೌಟರಿನ ಪ್ಲಗ್ ಕಿತ್ತು ಚಹಾದ ಕೆಟಲ್ ಸಿಕ್ಕಿಸುತ್ತಿದ್ದರು. ಅದರಿಂದಲೇ ನೆಟ್ ಹೋಗುತ್ತದೆಂದು ಅವರೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಬೈಗುಳವೆಲ್ಲ ನೆಟ್‌ವರ್ಕ್ ನೋಡಿಕೊಳ್ಳುವ ಪದ್ಮಾಕ್ಷಿಗೆ. ಅವಳು ನೆಲಮಾಳಿಗೆಯಲ್ಲಿ ಒಬ್ಬಳೇ ಕೂರುತ್ತಿದ್ದಳು. ನೆಟ್ ಹೋದಾಗ ಮಾತ್ರ ಜನ ಅಲ್ಲಿಗೆ ಇಳಿಯುತ್ತಿದ್ದರು. ಬೈಯಲೆಂದೇ ಬಂದರೂ ಎರಡು ಮಾತಾಡಿ ಹೋಗುತ್ತಿದ್ದರು.

ಒಂದು ದಿನ ಸಾಹೇಬರು ಅವಳನ್ನು ಕರೆಸಿದರು. "ನೆಟ್ ಹೋದರೆ ಏನೇನು ಮಾಡಬೇಕು, ಹಂತಹಂತವಾಗಿ ಬರೆದುಕೊಡಿ. ನಾಳೆ ಎಲ್ಲರ ಎದುರು ನಾನೇ ಮಾಡಿ ನೋಡುತ್ತೇನೆ. ಸರಿಹೋಗದಿದ್ದರೆ ನಿಮಗೆ ಮೆಮೊ."

ಪದ್ಮಾಕ್ಷಿ ಬರೆದುಕೊಟ್ಟಳು. ಮರುದಿನ ನೆಟ್ ಹೋದ ಕೂಡಲೇ ಸಾಹೇಬರು ಸಿಬ್ಬಂದಿಯನ್ನೆಲ್ಲ ಕೋಣೆಗೆ ಕರೆದು ಗಟ್ಟಿಯಾಗಿ ಓದತೊಡಗಿದರು.

"ಒಂದು, ರೌಟರಿನ ದೀಪ ಉರಿಯುತ್ತಿದೆಯೇ ನೋಡಿ."

ಉರಿಯುತ್ತಿರಲಿಲ್ಲ.

"ಎರಡು, ಅದರ ಪ್ಲಗ್ ಎಲ್ಲಿದೆ ನೋಡಿ."

ನೆಲದ ಮೇಲಿತ್ತು.

"ಮೂರು, ಅದರ ಜಾಗದಲ್ಲಿ ಬೇರೇನಿದ್ದರೂ ಕಿತ್ತು, ಅದರ ಒಡೆಯರಿಂದ ಇಲ್ಲಿ ಸಹಿ ಪಡೆಯಿರಿ."

ಸಾಹೇಬರು ಕೆಟಲ್ ನೋಡಿದರು. ಯಾರೂ ನಗಲಿಲ್ಲ. ಎಲ್ಲರೂ ತಲೆಯೆತ್ತಿ ಫ್ಯಾನ್ ನೋಡುತ್ತಿದ್ದರು. ಸಾಹೇಬರು ಕೆಟಲಿನ ಪ್ಲಗ್ ಕಿತ್ತು ರೌಟರಿನದನ್ನು ಸಿಕ್ಕಿಸಿದರು, ಪೆನ್ನು ತೆಗೆದು ತಾವೇ ಸಹಿ ಹಾಕಿದರು. "ಚೆನ್ನಾಗಿ ಬರೆದಿದ್ದೀರಿ," ಎಂದರು.

ಅಂದಿನಿಂದ ನೆಟ್ ಹೋಗಲಿಲ್ಲ. ನೆಲಮಾಳಿಗೆಗೆ ಯಾರೂ ಇಳಿಯಲೂ ಇಲ್ಲ, ಫೋನ್ ಮಾಡಲೂ ಇಲ್ಲ. ಮೂರು ವಾರ ಕಳೆದ ಮೇಲೆ ಪದ್ಮಾಕ್ಷಿ ತನ್ನ ಮೇಜಿನ ಫೋನೆತ್ತಿ ಕಿವಿಗಿಟ್ಟು ನೋಡಿದಳು. ಫೋನ್ ಸರಿಯಾಗಿಯೇ ಇತ್ತು.