ರಕ್ತದೊಳಗಿನ ಕಾವಲುಗಾರರು

"ಕೇಳ್ರಪ್ಪೋ ಕೇಳಿ! ರಾಣಿಯವರ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ, ತಪ್ಪಿದವರಿಗೆ ಶೂಲ!" ಎಂದು ಊರೂರಲ್ಲಿ ಡಂಗುರ ಸಾರಿದರು.

ರಾಣಿ ನಾಗಲಾದೇವಿಗೆ ಉಬ್ಬಸ. ಆಸ್ಥಾನದ ವೈದ್ಯನ ಬಳಿ ಒಂದು ಮಾಯದ ಕನ್ನಡಿ ಇತ್ತು. ಅದರ ಮೇಲೆ ರಕ್ತದ ಹನಿ ಇಟ್ಟರೆ, ಧೂಳನ್ನು ಕಂಡು ರೇಗುವ ಕಾವಲುಗಾರರು ಅದರಲ್ಲಿ ಎಷ್ಟಿದ್ದಾರೆಂದು ಕಾಣುತ್ತಿತ್ತು. ನೂರು ದಾಟಿದವರಿಗೆ ಮಾತ್ರ ಔಷಧ, ಅದನ್ನೂ ಅವನ ಎದುರೇ ಕುಡಿಯಬೇಕು. ರಾಣಿಗೆ ಹತ್ತೇ ಬಂತು. "ಇದು ರೋಗವಲ್ಲ, ಸೋಗು" ಎಂದು ವೈದ್ಯ ರಾಜನ ಕಿವಿ ಊದಿದ. ರೋಸಿಹೋದ ರಾಣಿ ತನ್ನ ಸಂಕಟ ಅರಿತವರನ್ನು ಹುಡುಕಲು ಹಟ ಹಿಡಿದು ಒಗಟಿನ ಸಭೆ ಕರೆಸಿದಳು. ಶೂಲದ ಶರತ್ತು ಮಾತ್ರ ರಾಜನದು.

"ಒಳಗೆ ಬರುವಾಗ ಸರಾಗ, ಹೊರಗೆ ಹೋಗುವಾಗ ಪ್ರಾಣ ಹಿಂಡುತ್ತದೆ. ಏನದು?" ಎಂದು ರಾಣಿ ಕೇಳಿದಳು.

"ಮನೆ ಅಳಿಯ!" ಎಂದು ಸಾಹುಕಾರನ ಮಗ ಹಲ್ಲು ಕಿರಿದ. ಪಾಪ, ಅವನನ್ನು ಎಳೆದೊಯ್ದರು.

"ಕಾಯಲು ಇಟ್ಟವನೇ ನೆಂಟನನ್ನು ಕಳ್ಳನೆಂದು ಕೂಗಿ ಒಡೆಯನ ಕತ್ತು ಹಿಸುಕುತ್ತಾನೆ. ಯಾರು?" ಸೇನಾಪತಿ ಇಲ್ಲಿ ಸೋತ.

"ಅಂಥ ಕಾವಲುಗಾರರು ಒಂದು ಮನೆಯಲ್ಲಿ ನೂರು, ಇನ್ನೊಂದರಲ್ಲಿ ಹತ್ತು. ಸಂಕಟ ಎಲ್ಲಿ ಹೆಚ್ಚು?" ಇಲ್ಲಿಯವರೆಗೆ ಬಂದವನು ಒಬ್ಬ ಪಂಡಿತ. "ನೂರಿರುವಲ್ಲಿ" ಎಂದ. ವೈದ್ಯ ತಲೆದೂಗಿದ, ರಾಣಿ ತಲೆಯಾಡಿಸಿ ಅಲ್ಲವೆಂದಳು.

ಆಗ ಗಡ್ಡದಲ್ಲಿ ಹತ್ತಿ ಮೆತ್ತಿಕೊಂಡಿದ್ದ ಪಿಂಜಾರ ರಾಜೇಸಾಬ ಮುಂದೆ ಬಂದ.

"ಮೊದಲನೇದು ಉಬ್ಬಸದವರ ಉಸಿರು ರೀ ತಾಯಿ. ಎರಡನೇದು ಬರೀ ಧೂಳಿಗೆ ಹೌಹಾರೋ ರಕ್ತದಾಗಿನ ಕಾವಲುಗಾರ. ಮೂರನೇದನ್ನ ಎಣಿಸಿ ಹೇಳಾಕ ಆಗಂಗಿಲ್ಲರೀ. ವೈದ್ಯರ ಕನ್ನಡ್ಯಾಗ ನೋಡಿದರ ಹತ್ತಿ ಹಿಂಜೋ ನನ್ನ ರಕ್ತದಾಗ ಇನ್ನೂರು ಅದಾವು, ಸೀನತೀನಿ, ಅಷ್ಟ. ನನ್ನ ಹೇಂತಿ ಮಾಬುಬಿಗೆ ಎಂಟು, ಅದಕ್ಕ ಔಷಧ ಕೊಡಲಿಲ್ಲ. ಆಕಿ ಮೂರು ದಿನದಿಂದ ಗ್ವಾಡಿಗೆ ಒರಗಿ ಕುಂತಾಳ, ಮಲಗಿದರ ಉಸಿರು ನಿಲ್ಲತೈತಿ. ಕಾವಲುಗಾರರು ಯಾಕ ಕೂಗ್ತಾರಂತ ಆ ಲೆಕ್ಕ ಹೇಳೀತು. ಎಷ್ಟು ಉಸಿರು ಉಳದೈತಿ ಅನ್ನೋದನ್ನ ಆ ಮನಿಯವರನ್ನೇ ಕೇಳಬೇಕರೀ."

"ಪುರಾವೆ?" ವೈದ್ಯ ಗುಡುಗಿದ.

"ಎರಡು ದೀಪ ತರಸ್ರಿ."

ಮಾರು ದೂರದ ದೀಪವನ್ನು ರಾಜೇಸಾಬ ಒಂದೇ ಉಸಿರಿಗೆ ಆರಿಸಿದ. ಅಷ್ಟೇ ದೂರದ ಇನ್ನೊಂದನ್ನು ರಾಣಿ ಮೂರು ಸಲ ಊದಿದಳು. ಅವಳ ತುಟಿ ನೀಲಿಗಟ್ಟಿತು, ದೀಪ ಅಲುಗಲೂ ಇಲ್ಲ. ರಾಜ ನಾಚಿಕೆಯಿಂದ ಎದ್ದು ನಿಂತ. "ಶೂಲಕ್ಕೆ ಒಯ್ದವರನ್ನು ಬಿಡಿ. ಪಿಂಜಾರನೇ, ಅರ್ಧ ರಾಜ್ಯ ನಿನ್ನದು."

"ರಾಜ್ಯ ತಗೊಂಡು ಏನ್ ಮಾಡ್ಲರೀ!" ರಾಜೇಸಾಬ ಅತ್ತೇಬಿಟ್ಟ. "ಔಷಧದ ಕೋಣಿ ಬೀಗ ತಗೀಸ್ರಿ. ಒಂದು ಕುದುರಿ ಕೊಡಸ್ರಿ."

"ಮೊದಲ ಭರಣಿ ಅವನಿಗೆ," ಎಂದು ರಾಣಿ ಏದುಸಿರಿನ ನಡುವೆಯೇ ಹೇಳಿದಳು.

ಅವನು ಮನೆ ಸೇರುವಾಗ ಮಾಬುಬಿಗೆ ಮಾತೂ ಹೊರಡುತ್ತಿರಲಿಲ್ಲ. ಒಂದೊಂದೇ ಗುಟುಕು ಕುಡಿಸಿದ. ಹೊತ್ತು ಇಳಿಯುವಾಗ ಅವಳು ಗೋಡೆ ಬಿಟ್ಟು ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು.